ಕೆಲಸವಿಲ್ಲದ ಪ್ರಯಾಣ

ನಮ್ಮ ಬನ್ನೂರಿನಲ್ಲಿ ಯಾರಾದರೂ ಕೈಚೀಲ ಹಿಡಿದು ಬಸ್ ನಿಲ್ದಾಣದ ಕಡೆಗೆ ಹೊರಟರೆ, ಎದುರಿಗೆ ಬಂದವರು ಕೇಳುವ ಪ್ರಶ್ನೆ ಒಂದೇ: “ಏನು ಕೆಲಸದ ಮೇಲೆ ಹೊರಟಿರಿ?” ಎಲ್ಲಿಗೆ ಎಂದು ನೇರವಾಗಿ ಕೇಳುವುದು ಅಪಶಕುನವೆಂದು ಹಿರಿಯರು ಎಣಿಸಿದ್ದರು, ಏನು ಕೆಲಸವೆಂದು ಕೇಳುವುದಕ್ಕೆ ಮಾತ್ರ ಯಾವ ನಿಷೇಧವೂ ಇಲ್ಲ. ಉತ್ತರಗಳೂ ನಿಶ್ಚಿತವಾದುವೇ. ಮದುವೆ, ಬಾಣಂತನ, ಆಸ್ಪತ್ರೆ, ತಾಲ್ಲೂಕು ಕಚೇರಿ, ಇಲ್ಲವೆ ದೇವರ ಹರಕೆ. 2023ರ ಕಾರ್ತಿಕ ಮಾಸದ ಕೊನೆಯಲ್ಲಿ ನಾನೂ ನನ್ನ ಮನೆಯಾಕೆಯೂ ಹೀಗೆ ಹೊರಟಿದ್ದಾಗ ನೆರೆಯವರೊಬ್ಬರು ಅದೇ ಪ್ರಶ್ನೆಯನ್ನು ಕೇಳಿದರು. “ಕೆಲಸವೇನೂ ಇಲ್ಲ. ಒಂದು ವಾರ ಬೆಂಗಳೂರಿನಲ್ಲಿದ್ದು ನೋಡಿಕೊಂಡು ಬರೋಣವೆಂದು,” ಎಂದೆ. ಅವರು ನನ್ನ ಮುಖವನ್ನೊಮ್ಮೆ, ಆಕೆಯ ಮುಖವನ್ನೊಮ್ಮೆ ನೋಡಿ, ದನಿ ತಗ್ಗಿಸಿ, “ಯಾವ ಆಸ್ಪತ್ರೆ?” ಎಂದರು.

ಅವರ ಕಳಕಳಿಯನ್ನು ನಾನು ಹಾಸ್ಯ ಮಾಡುತ್ತಿಲ್ಲ. ಅರುವತ್ತರ ಆಸುಪಾಸಿನ ದಂಪತಿಗಳು, ಯಾವ ಕಾರಣವೂ ಇಲ್ಲದೆ, ಯಾವ ನೆಂಟರ ಮನೆಗೂ ಅಲ್ಲದೆ, ಒಂದು ದೊಡ್ಡ ಪಟ್ಟಣವನ್ನು ನೋಡುವುದಕ್ಕೆಂದೇ ಹೋಗುತ್ತಾರೆಂಬುದು ನಮ್ಮ ಕಡೆಯ ಜೀವನಕ್ರಮದಲ್ಲಿ ಎಡೆಯಿಲ್ಲದ ಮಾತು. ಗಂಡಸು ಒಬ್ಬನೇ ಹೋದರೆ ಯಾರೂ ಕೇಳುವುದಿಲ್ಲ. ಹೆಂಗಸು ಜೊತೆಗಿದ್ದರೆ ಕಾರಣ ಬೇಕು. ಈ ಕಾರಣವೆಂಬುದರ ಬಗೆಗೇ ನಾನು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನನ್ನ ಮನೆಯಾಕೆ ಅದಕ್ಕೆ ಮೊದಲು ಬೆಂಗಳೂರಿಗೆ ಹೋಗಿರಲಿಲ್ಲವೆಂದಲ್ಲ. ಐದು ಸಲ ಹೋಗಿದ್ದಳು. ಒಂದು ಸಂಜೆ ಜಗುಲಿಯ ಮೇಲೆ ಕುಳಿತು ಆಕೆಯೇ ಬೆರಳು ಮಡಿಸಿ ಲೆಕ್ಕ ಹೇಳಿದಳು. ಎರಡು ಸಲ ಮದುವೆಗೆ. ಒಂದು ಸಲ ನನ್ನ ತಂಗಿಯ ಬಾಣಂತನಕ್ಕೆ. ಒಂದು ಸಲ ನನ್ನ ತಾಯಿಯನ್ನು ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಿದ್ದಾಗ ಹದಿನೆಂಟು ದಿನ. ಇನ್ನೊಂದು ಸಲ ಸಾವಿನ ಮನೆಗೆ. ಐದು ಸಲ ಹೋದವಳು ಕಂಡ ಬೆಂಗಳೂರು ಯಾವುದು? ಎರಡು ಛತ್ರದ ಅಡುಗೆಮನೆ, ಒಂದು ಬಚ್ಚಲುಮನೆಯ ಒಲೆ, ಆಸ್ಪತ್ರೆಯ ಒಂದು ಉದ್ದನೆಯ ಮೊಗಸಾಲೆ. ಇದನ್ನು ಆಕೆ ದೂರಾಗಿ ಹೇಳಲಿಲ್ಲ; ಲೆಕ್ಕವಾಗಿ ಹೇಳಿದಳು. ದೂರಾಗಿದ್ದರೆ ನಾನು ಸಮಾಧಾನ ಹೇಳಬಹುದಾಗಿತ್ತು. ಲೆಕ್ಕಕ್ಕೆ ಸಮಾಧಾನವಿಲ್ಲ.

ನಾನಾದರೋ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು. ವರ್ಷವರ್ಷವೂ ಮಕ್ಕಳನ್ನು ಕಟ್ಟಿಕೊಂಡು ಪ್ರವಾಸ ಹೊರಟವನು. ಬೇಲೂರು ಹಳೇಬೀಡುಗಳನ್ನು ಎಷ್ಟು ಸಲ ಕಂಡೆನೋ ಮರೆತುಹೋಗಿದೆ. ಹಂಪೆಯನ್ನು, ವಿಜಯಪುರದ ಗೋಲಗುಮ್ಮಟವನ್ನು ಕಣ್ಣು ಮುಚ್ಚಿ ವರ್ಣಿಸಬಲ್ಲೆ. ಆ ಪ್ರವಾಸಗಳಿಗೆಲ್ಲ ಪುಳಿಯೋಗರೆಯನ್ನು ಕಲಸಿ, ಬಾಳೆಯೆಲೆಯಲ್ಲಿ ಕಟ್ಟಿ, ನಸುಕಿನಲ್ಲಿ ನನ್ನ ಕೈಗೆ ಕೊಟ್ಟವಳು ಆಕೆ. ಪುಳಿಯೋಗರೆ ಹಂಪೆಯನ್ನು ನೋಡಿ ಬಂದಿತು, ಕಲಸಿದವಳು ನೋಡಲಿಲ್ಲ. “ನಿವೃತ್ತನಾಗಲಿ, ಆಮೇಲೆ ಇಬ್ಬರೂ ಹೋಗೋಣ,” ಎಂದು ನಾನು ಅನೇಕ ಸಲ ಹೇಳಿದ್ದುಂಟು. ನನ್ನ ಸಹೋದ್ಯೋಗಿಯೊಬ್ಬರು ಇದೇ ಮಾತನ್ನು ತಮ್ಮ ಮನೆಯಲ್ಲಿ ಹೇಳುತ್ತ ಬಂದಿದ್ದರು. ಅವರು ನಿವೃತ್ತರಾದ ನಾಲ್ಕನೆಯ ತಿಂಗಳು ಅವರ ಹೆಂಡತಿ ತೀರಿಕೊಂಡರು. ಮಾತನಾಡಿಸಿ ಬರಲು ಹೋದಾಗ ಅವರು ಹೇಳಿದ ಒಂದು ವಾಕ್ಯ ನನ್ನ ಮನಸ್ಸಿನಲ್ಲಿ ನಾಟಿ ನಿಂತಿತು: “ಎಲ್ಲವನ್ನೂ ಮಾಡಿದೆ, ಮೇಷ್ಟ್ರೆ, ಜೊತೆಯಲ್ಲಿ ಸುಮ್ಮನೆ ಕೂರಲಿಲ್ಲ.” ಆ ರಾತ್ರಿಯೇ ನಾವು ಹೊರಡುವ ದಿನವನ್ನು ಗೊತ್ತು ಮಾಡಿದೆವು.

ಹೊರಡುವ ಮುನ್ನ ಊರ ಕಟ್ಟೆಯ ಮೇಲಣ ಅಭಿಪ್ರಾಯವನ್ನೂ ಹೇಳಿಬಿಡಬೇಕು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆಲ್ಲ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಜಾರಿಗೆ ಬಂದಿದೆಯಷ್ಟೆ. ಅದರ ಹಣಕಾಸಿನ ಒಳಿತು ಕೆಡಕುಗಳನ್ನು ತೂಗುವ ಶಕ್ತಿ ನನಗಿಲ್ಲ, ತಿಳಿದವರು ತೂಗಲಿ. ಆದರೆ ಕಟ್ಟೆಯ ಮೇಲೆ ನಡೆಯುವ ಚರ್ಚೆ ಹಣಕಾಸಿನದಲ್ಲ. “ಬಸ್ಸು ಬಿಟ್ಟಿಯೆಂದು ಹೆಂಗಸರೆಲ್ಲ ಕೆಲಸವಿಲ್ಲದೆ ಊರೂರು ತಿರುಗುತ್ತಿದ್ದಾರೆ,” ಎಂಬುದೇ ಅಲ್ಲಿಯ ಮುಖ್ಯ ಆಕ್ಷೇಪಣೆ. ಹೀಗೆನ್ನುವವರು ಬೆಳಗಿನಿಂದ ಸಂಜೆಯ ತನಕ ಅದೇ ಕಟ್ಟೆಯ ಮೇಲೆ ಕೆಲಸವಿಲ್ಲದೆ ಕುಳಿತವರು ಎಂಬುದನ್ನು ಬಿಟ್ಟುಬಿಡೋಣ. ನನಗೆ ಕುತೂಹಲ ಹುಟ್ಟಿಸಿದ್ದು ‘ಕೆಲಸವಿಲ್ಲದೆ’ ಎಂಬ ಒಂದು ಪದ. ಕೆಲಸಕ್ಕಾಗಿ ಹೋದರೆ ತಪ್ಪಿಲ್ಲ. ಕಣ್ಣಿನ ಸಂತೋಷಕ್ಕಾಗಿ ಹೋದರೆ ತಪ್ಪು. ಈ ತೀರ್ಪನ್ನು ಕೊಟ್ಟವರು ಯಾರು?

ಕಿರುಗಾವಲಿನ ಮೇಲೆ ಮಳವಳ್ಳಿಗೆ ಹೋಗಿ, ಅಲ್ಲಿ ಬೇರೆ ಬಸ್ಸು ಹಿಡಿದು, ಮದ್ದೂರು, ಚನ್ನಪಟ್ಟಣ, ರಾಮನಗರಗಳನ್ನು ಹಾದು ನಾವು ಹೊರಟೆವು. ಕಂಡಕ್ಟರು ಆಕೆಗೆ ಶೂನ್ಯ ದರದ ಚೀಟಿಯನ್ನೂ ನನಗೆ ದುಡ್ಡಿನ ಚೀಟಿಯನ್ನೂ ಹರಿದುಕೊಟ್ಟರು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಆಕೆ ತನ್ನ ಪರ್ಸಿನಿಂದ ಹಣ ತೆಗೆದು, “ನನ್ನದು ಪುಕ್ಕಟೆಯಾಯಿತು, ನಿಮ್ಮದನ್ನು ನಾನು ಕೊಡುತ್ತೇನೆ,” ಎಂದಳು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಆಕೆ ನನ್ನ ಪ್ರಯಾಣದ ಖರ್ಚನ್ನು ಕೊಟ್ಟಿದ್ದು ಅದೇ ಮೊದಲು. ಬೇಡವೆನ್ನಬೇಕೆಂದುಕೊಂಡೆ; ಆಕೆಯ ಮುಖವನ್ನು ನೋಡಿ ಸುಮ್ಮನಾದೆ. ಕೆಂಗೇರಿಯಲ್ಲಿ ಇಳಿದು ಮೆಟ್ರೋ ರೈಲು ಹತ್ತುವಾಗ, “ಇಲ್ಲಿಯೂ ನನಗೆ ಶೂನ್ಯವೋ?” ಎಂದು ಕೇಳಿದಳು. “ಇಲ್ಲಿ ಇಬ್ಬರೂ ಸಮಾನರು,” ಎಂದೆ. ಮೇಲಿನ ಹಳಿಯ ಮೇಲೆ, ಮನೆಗಳ ತಾರಸಿಗಳ ಮಟ್ಟದಲ್ಲಿ ರೈಲು ಹೋಗುತ್ತಿರಲು, ಒಗೆದು ಒಣಹಾಕಿದ ಬಟ್ಟೆಗಳನ್ನು, ತುಳಸಿಯ ಕುಂಡಗಳನ್ನು ಆಕೆ ಮಗುವಿನಂತೆ ನೋಡಿದಳು. “ಬೆಂಗಳೂರಿನವರೂ ನಮ್ಮ ಹಾಗೆಯೇ ಸಂಡಿಗೆ ಒಣಗಿಸುತ್ತಾರೆ!” ಎಂಬುದು ಆಕೆಯ ಮೊದಲನೆಯ ಸಂಶೋಧನೆ.

ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಸಮೀಪದಲ್ಲಿ, ಒಂದು ಸಾಧಾರಣವಾದ ವಸತಿಗೃಹದಲ್ಲಿ ಇಳಿದೆವು. ಇದರಿಂದ ನನ್ನ ತಂಗಿಗೆ ಬಹಳ ಬೇಸರವಾಯಿತು. “ಅಣ್ಣಾ, ನನ್ನ ಮನೆಯಿರುವಾಗ ನೀನೂ ಅತ್ತಿಗೆಯೂ ಲಾಡ್ಜಿನಲ್ಲಿ ಇಳಿಯುವುದೆಂದರೇನು? ಜನ ಏನೆಂದಾರು?” ಎಂದು ಟೆಲಿಫೋನಿನಲ್ಲಿಯೇ ಅತ್ತಳು. ನನ್ನ ತಂಗಿ ಪ್ರೀತಿಯವಳು. ಆದರೆ ಒಂದು ಸತ್ಯವನ್ನು ಇಲ್ಲಿ ಹೇಳಲೇಬೇಕು. ನೆಂಟರ ಮನೆಗೆ ಹೋದ ಗಂಡಸಿಗೆ ಅದು ರಜೆ. ಹೆಂಗಸಿಗೆ ಅಡುಗೆಮನೆ ಬದಲಾಗುತ್ತದೆ, ಅಷ್ಟೆ. ಆಕೆ ಕೈಕಟ್ಟಿ ಕುಳಿತರೆ ಆ ಮನೆಯವಳ ಕಣ್ಣಿಗೆ ಬಾರದಿದ್ದರೂ ತನ್ನ ಕಣ್ಣಿಗೇ ತಾನು ಅಪರಾಧಿ. ತರಕಾರಿ ಹೆಚ್ಚುವುದಕ್ಕೆ ಕೂತೇ ಕೂರುತ್ತಾಳೆ. ದುಡ್ಡು ಕೊಟ್ಟು ಇಳಿದ ಕೋಣೆಯಲ್ಲಿ ಹೆಚ್ಚುವುದಕ್ಕೆ ತರಕಾರಿಯಿಲ್ಲ. ಅದೇ ಅದರ ಸೊಗಸು.

ಆ ಕೋಣೆಯಲ್ಲಿ ನಡೆದ ಒಂದು ಸಣ್ಣ ಸಂಗತಿ. ಆಕೆ ಕೈಕಾಲು ತೊಳೆಯಲು ಕೊಳಾಯಿ ತಿರುಗಿಸಿ, “ಇದು ಎಲ್ಲಿಯ ನೀರು?” ಎಂದು ಕೇಳಿದಳು. “ನಮ್ಮದೇ,” ಎಂದೆ. ಬನ್ನೂರಿನ ಬಳಿ ಹಾದು, ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡನ್ನು ದಾಟಿ ಹೋಗುವ ಕಾವೇರಿಯನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಮಾಡಿ, ಸುಮಾರು 100 ಕಿಲೋಮೀಟರು ದೂರಕ್ಕೆ, ಸುಮಾರು 500 ಮೀಟರು ಎತ್ತರಕ್ಕೆ ಯಂತ್ರಗಳಿಂದ ಏರಿಸಿ ಬೆಂಗಳೂರಿಗೆ ತರುತ್ತಾರೆ. ಆ ಯೋಜನೆಯ ಮೊದಲನೆಯ ಹಂತ 1974ರಲ್ಲಿ ಮುಗಿಯಿತು. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. 2023 ಮಳೆ ಕೈಕೊಟ್ಟ ವರ್ಷ. ಕಾವೇರಿಯ ನೀರಿಗಾಗಿ ಮಂಡ್ಯದಲ್ಲಿಯೂ ಬೆಂಗಳೂರಿನಲ್ಲಿಯೂ ಬಂದ್ ನಡೆದು ಕೆಲವು ತಿಂಗಳಷ್ಟೇ ಆಗಿತ್ತು. ನಾನು ಇದನ್ನೆಲ್ಲ ಪಾಠದ ಧಾಟಿಯಲ್ಲಿ ವಿವರಿಸುತ್ತಿದ್ದಂತೆ ಆಕೆ ಕೊಳಾಯಿಯನ್ನು ಬಿಗಿಯಾಗಿ ನಿಲ್ಲಿಸಿ, “ಹಾಗಾದರೆ ನಮಗಿಂತ ಮೊದಲೇ ಬಂದಿದ್ದಾಳೆ,” ಎಂದಳು. ವಾರವಿಡೀ ಆ ಕೊಳಾಯಿಯಿಂದ ಒಂದು ಹನಿ ತೊಟ್ಟಿಕ್ಕಲು ಬಿಡಲಿಲ್ಲ.

ಇನ್ನು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಮೇಷ್ಟರ ಬುದ್ಧಿ ಬಿಡುವುದು ಸುಲಭವಲ್ಲ. ನಾನೊಂದು ಪಟ್ಟಿಯನ್ನು ಬರೆದುಕೊಂಡು ಹೋಗಿದ್ದೆ. ದಿನಕ್ಕೆ ನಾಲ್ಕು ಸ್ಥಳ. ಒಂದೊಂದರ ಮುಂದೆ ಗಂಟೆ, ನಿಮಿಷ. ಮೊದಲನೆಯ ದಿನ ಬೆಳಿಗ್ಗೆ ಲಾಲ್‌ಬಾಗು. 1760ರ ಸುಮಾರಿಗೆ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ತೋಟವೆಂದೂ, ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಿತೆಂದೂ, ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂದೂ ಹೇಳುತ್ತ ನಾನು ಮುಂದೆ ಮುಂದೆ ನಡೆದೆ. ತಿರುಗಿ ನೋಡಿದರೆ ಆಕೆಯಿಲ್ಲ. ದೊಡ್ಡದೊಂದು ಬೂರುಗದ ಮರದ ಎದುರು, ಗೋಡೆಗಳಂತೆ ಎದ್ದ ಅದರ ಬೇರುಗಳನ್ನು ನೋಡುತ್ತ ನಿಂತಿದ್ದಳು. “ಹೊತ್ತಾಯಿತು, ಇನ್ನೂ ಮೂರು ಕಡೆ ಹೋಗಬೇಕು,” ಎಂದೆ. ಆಕೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ನಾವು ನೋಡುವುದಕ್ಕೆ ಬಂದಿದ್ದೇವೋ, ಹಾಜರಿ ಹಾಕುವುದಕ್ಕೆ ಬಂದಿದ್ದೇವೋ?”

ಹಾಜರಿ ಪುಸ್ತಕದಲ್ಲಿ ಜೀವಮಾನವನ್ನು ಕಳೆದವನಿಗೆ ಇದಕ್ಕಿಂತ ಸರಿಯಾದ ಪೆಟ್ಟು ಬೇರೆಯಿಲ್ಲ. ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟೆ. ಆ ದಿನವೆಲ್ಲ ನಾವು ಲಾಲ್‌ಬಾಗಿನಲ್ಲಿಯೇ ಇದ್ದೆವು. ಬಂಡೆಯನ್ನು ಮೆಲ್ಲನೆ ಹತ್ತಿದೆವು. 300 ಕೋಟಿ ವರ್ಷವೆಂದು ಹೇಳಿದಾಗ ಹೊಳೆಯದಿದ್ದ ಅರ್ಥ, ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ಒಂದು ಗಂಟೆ ಕೂತಾಗ ಸ್ವಲ್ಪ ಹೊಳೆಯಿತು. ಅಷ್ಟು ವಯಸ್ಸಾದ ಕಲ್ಲಿನ ಮುಂದೆ ಅವಸರ ಮಾಡುವುದು ಅಸಭ್ಯತೆಯೆಂದು ತೋರಿತು.

‘ಪ್ರವಾಸ’ ಎಂಬ ಮಾತನ್ನು ನಾವು ಎಷ್ಟು ಸಡಿಲವಾಗಿ ಬಳಸುತ್ತೇವೆ! ಅದರೊಳಗೆ ‘ವಾಸ’ವೆಂಬುದು ಅಡಗಿದೆ. ಊರನ್ನು ಬಿಟ್ಟು ಬೇರೊಂದು ಕಡೆ ವಾಸ ಮಾಡುವುದು ಪ್ರವಾಸ; ಕಾಲಿಗೆ ಚಕ್ರ ಕಟ್ಟಿಕೊಂಡು ಓಡುವುದಲ್ಲ. 1841ರ ಜುಲೈ 5ರಂದು ಇಂಗ್ಲೆಂಡಿನ ಥಾಮಸ್ ಕುಕ್ ಎಂಬಾತ ಒಬ್ಬೊಬ್ಬರಿಗೆ ಒಂದು ಷಿಲ್ಲಿಂಗಿನಂತೆ ಸುಮಾರು ಐನೂರು ಜನರನ್ನು ರೈಲಿನಲ್ಲಿ ಲೆಸ್ಟರಿನಿಂದ ಲಫ್‌ಬರೋವಿಗೆ ಕರೆದೊಯ್ದ. ಪಾನನಿರೋಧದ ಸಭೆಯೊಂದಕ್ಕಾಗಿ ಏರ್ಪಟ್ಟ ಆ ಪ್ರಯಾಣ ಇಂದಿನ ಸಾಮೂಹಿಕ ಪ್ರವಾಸಗಳ ಮೂಲವೆಂದು ಹೇಳುತ್ತಾರೆ. ಬಡವರಿಗೂ ಲೋಕದರ್ಶನದ ಬಾಗಿಲು ತೆರೆದ ಆತನಿಗೆ ನಾವು ಕೃತಜ್ಞರಾಗಿರಬೇಕಾದುದೇ. ಆದರೆ ಆ ಬಾಗಿಲಿನಲ್ಲಿ ಗಡಿಯಾರವೂ ಒಳಗೆ ಬಂದಿತು. ಒಂದೇ ದಿನಕ್ಕೆ ಹತ್ತು ಸ್ಥಳಗಳನ್ನು ತೋರಿಸುವ ಬಸ್ಸು, ಇಳಿದ ಕೂಡಲೇ ಚಿತ್ರ ತೆಗೆದುಕೊಂಡು ಮತ್ತೆ ಹತ್ತುವ ಜನ, ಇದನ್ನು ಮಕ್ಕಳಿಗೆ ಕಲಿಸಿದ ನನ್ನಂಥ ಮೇಷ್ಟರು, ಎಲ್ಲರೂ ಆ ಗಡಿಯಾರದ ಶಿಷ್ಯರೇ.

ಎರಡನೆಯ ಬೆಳಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದೆವು. 1943ರಿಂದ ನಡೆಯುತ್ತಿರುವ ಆ ಹೋಟೆಲಿನ ದೋಸೆಯ ವರ್ಣನೆ ಅನೇಕರು ಮಾಡಿದ್ದಾರೆ, ನಾನು ಮಾಡುವುದಿಲ್ಲ. ತಟ್ಟೆ ಬಂದಾಗ ನನ್ನ ಮನೆಯಾಕೆ ಸ್ವಲ್ಪ ಹೊತ್ತು ಮುಟ್ಟದೆ ನೋಡುತ್ತಿದ್ದಳು. ಏನೆಂದು ಕೇಳಿದೆ. “ಇಬ್ಬರಿಗೂ ಒಟ್ಟಿಗೆ ಬಂದಿತಲ್ಲ,” ಎಂದಳು. ದೋಸೆ ಹೊಯ್ಯುವವಳು ಯಾವ ಮನೆಯಲ್ಲಿಯೂ ದೋಸೆಯನ್ನು ಬಿಸಿಯಾಗಿ ತಿನ್ನುವುದಿಲ್ಲ. ಮೊದಲನೆಯದು ಗಂಡನಿಗೆ, ನಡುವಿನವು ಮಕ್ಕಳಿಗೆ, ಹಿಟ್ಟಿನ ತಳದಲ್ಲಿ ಉಳಿದದ್ದು ಅವಳಿಗೆ. ಮೂವತ್ತೈದು ವರ್ಷ ನಾನು ಗರಿಗರಿಯಾದ ದೋಸೆ ತಿಂದಿದ್ದೇನೆ, ಆಕೆ ಎದುರಿಗೆ ಕೂತು ತಿಂದುದನ್ನು ನಾನು ನೋಡಿದ್ದೆನೇ ಎಂದು ನೆನಪು ಮಾಡಿಕೊಂಡೆ, ನೆನಪು ಬರಲಿಲ್ಲ.

ಕೇಂದ್ರ ಸರ್ಕಾರದವರು 2019ರಲ್ಲಿ ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆಂಬುದರ ಸಮೀಕ್ಷೆಯೊಂದನ್ನು ನಡೆಸಿದರು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅಂಥ ಕೆಲಸ ಮಾಡುವ ಗಂಡಸರು 97 ನಿಮಿಷ. 1948ರಲ್ಲಿ ವಿಶ್ವಸಂಸ್ಥೆ ಸಾರಿದ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿ ಪ್ರತಿಯೊಬ್ಬರಿಗೂ ವಿಶ್ರಾಂತಿಯ, ವಿರಾಮದ, ಸಂಬಳಸಹಿತ ರಜೆಯ ಹಕ್ಕಿದೆಯೆನ್ನುತ್ತದೆ. ಆ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರೂ’ ಎಂಬರ್ಥ ಬರುವಂತಿದ್ದ ಮಾತನ್ನು ‘ಎಲ್ಲ ಮಾನವರೂ’ ಎಂದು ಮಾಡಿಸಿದವರಲ್ಲಿ ನಮ್ಮ ದೇಶದ ಹಂಸಾ ಮೆಹತಾ ಪ್ರಮುಖರು. ಮಾತು ತಿದ್ದಿದ್ದಾಯಿತು. ಆದರೆ ಸಂಬಳವೇ ಇಲ್ಲದವಳಿಗೆ ಸಂಬಳಸಹಿತ ರಜೆಯನ್ನು ಕೊಡುವವರು ಯಾರು? ನನ್ನ ರಜೆಯ ಅರ್ಜಿಗೆ ಮುಖ್ಯೋಪಾಧ್ಯಾಯರು ರುಜು ಹಾಕುತ್ತಿದ್ದರು. ಆಕೆಯ ಅರ್ಜಿಗೆ ರುಜು ಹಾಕಬೇಕಾಗಿದ್ದವನು ನಾನು; ಆಕೆ ಅರ್ಜಿ ಕೊಡಲಿಲ್ಲವೆಂಬ ನೆವದಿಂದ ನಾನು ಸುಮ್ಮನಿದ್ದೆ.

ಮೂರನೆಯ ದಿನ ಕಬ್ಬನ್ ಪಾರ್ಕಿನ ಮಗ್ಗುಲಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆಂದು ಹೊರಟೆವು. ಆತಕೂರಿನ ಶಿಲಾಶಾಸನವನ್ನು ಆಕೆಗೆ ತೋರಿಸಬೇಕೆಂದು ನನ್ನ ಆಸೆ. ಆತಕೂರು ನಮಗೆ ದೂರದ ಊರಲ್ಲ, ಮದ್ದೂರು ತಾಲ್ಲೂಕಿನದು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 949–50ರ ಶಾಸನ ಅದು. ಕಾಳಿಯೆಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತ ಸಂಗತಿ ಅದರಲ್ಲಿದೆ. ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಆದರೆ ನಾವು ವಸ್ತುಸಂಗ್ರಹಾಲಯವನ್ನು ಮುಟ್ಟಲೇ ಇಲ್ಲ. 1870ರಲ್ಲಿ ರೂಪುಗೊಂಡ ಆ ಉದ್ಯಾನದ ಬಿದಿರುಮೆಳೆಯ ನೆರಳಿನಲ್ಲಿ ಒಂದು ಕಲ್ಲುಬೆಂಚು ಕಂಡಿತು, ಕೂತೆವು, ಅಲ್ಲಿಯೇ ಕತೆಯನ್ನು ಹೇಳಿದೆ. ಆಕೆ ಪೂರ್ತಿಯಾಗಿ ಕೇಳಿ, “ನಾಯಿಗೆ ಕಲ್ಲು ನೆಟ್ಟದ್ದು ಒಳ್ಳೆಯದೇ. ಅದಕ್ಕೆ ದಿನವೂ ಅನ್ನ ಹಾಕಿದವಳ ಹೆಸರನ್ನು ಬರೆದಿದ್ದಾರೆಯೇ?” ಎಂದು ಕೇಳಿದಳು. ಮೂವತ್ತನಾಲ್ಕು ವರ್ಷ ಆ ಶಾಸನವನ್ನು ಪಾಠ ಮಾಡಿದ್ದೇನೆ. ಯಾವ ವಿದ್ಯಾರ್ಥಿಯೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ವಸ್ತುಸಂಗ್ರಹಾಲಯದೊಳಗೆ ಅವಸರದಲ್ಲಿ ನಿಂತಿದ್ದರೆ ಆಕೆ ಕಲ್ಲನ್ನು ನೋಡಿ ತಲೆದೂಗಿ ಮುಂದಕ್ಕೆ ಹೋಗುತ್ತಿದ್ದಳು. ಪ್ರಶ್ನೆ ಹುಟ್ಟುವುದಕ್ಕೆ ಬೆಂಚು ಬೇಕು.

ಒಂದು ಸಂಜೆ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಹೂವಿನ ರಾಶಿಗಳ ನಡುವೆ ಅಲೆದೆವು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ಮೊದಲ ವಿದ್ಯುದ್ದೀಪ ಹತ್ತಿದ್ದು ಆ ಮಾರುಕಟ್ಟೆಯ ಬಳಿಯಲ್ಲಿ. ಅದಕ್ಕೆ ಶಕ್ತಿ ಬಂದದ್ದು ನಮ್ಮ ನೆರೆಯ ಶಿವನಸಮುದ್ರದಿಂದ, ಅದೇ ಕಾವೇರಿಯಿಂದ. ದೀಪ ಹತ್ತುವ ಹೊತ್ತಿನಲ್ಲಿ ಇದನ್ನು ಹೇಳಿದಾಗ ಆಕೆ ಆ ಬೀದಿಯನ್ನು ನೋಡಿದ ಬಗೆಯೇ ಬದಲಾಯಿತು. ಹೆದರಿಕೆ ಹೋಯಿತು, ಸಲಿಗೆ ಬಂದಿತು. ದೊಡ್ಡ ಪಟ್ಟಣದ ಮುಂದೆ ಹಳ್ಳಿಯವರು ಕುಗ್ಗುವುದು ಅದು ಪರರದು ಎಂಬ ಭಾವನೆಯಿಂದ. ನಮ್ಮ ನೀರು, ನಮ್ಮ ಬೆಳಕು, ನಮ್ಮ ಹೊಲದ ತರಕಾರಿ, ನಮ್ಮ ಮಕ್ಕಳ ದುಡಿಮೆಗಳಿಂದ ನಿಂತ ಪಟ್ಟಣವನ್ನು ನೋಡುವುದಕ್ಕೆ ನಾವು ಅಪ್ಪಣೆ ಬೇಡಬೇಕಾಗಿಲ್ಲ.

ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ. ನನ್ನ ತಂಗಿ ಕೋಪವನ್ನು ಮರೆತು ಆ ದಿನ ನಮ್ಮೊಡನೆ ಬಂದಳು. ಹೊಸ ಬೆಳೆಯನ್ನು ಬಸವಣ್ಣನಿಗೆ ಮುಡಿಪಿಡುವ ರೈತರ ಜಾತ್ರೆ, ಸುತ್ತಲೂ ಪಟ್ಟಣ ಬೆಳೆದರೂ ತನ್ನ ಜಾಗವನ್ನು ಬಿಟ್ಟುಕೊಡದೆ ನಿಂತಿದೆ. ರಸ್ತೆಯ ಎರಡು ಕಡೆಯೂ ಕಡಲೆಕಾಯಿಯ ಗುಡ್ಡೆ, ಸೇರಿನ ಅಳತೆ, ಚೌಕಾಸಿ, ಮಕ್ಕಳ ಪೀಪಿ. “ನಮ್ಮ ಹೇಮಾದ್ರಾಂಬನ ಜಾತ್ರೆಯಂತೆಯೇ ಇದೆ,” ಎಂದು ನನ್ನ ಮನೆಯಾಕೆ ಹಿಗ್ಗಿದಳು. ಮೂವರೂ ಒಂದು ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಸುಲಿದು ತಿನ್ನುತ್ತಿರಲು ತಂಗಿ ಹೇಳಿದಳು: “ಅಣ್ಣಾ, ಈ ಊರಿಗೆ ಬಂದು ಮೂವತ್ತು ವರ್ಷವಾಯಿತು. ಈ ಪರಿಷೆಯ ಪಕ್ಕದಲ್ಲಿ ಆಟೋದಲ್ಲಿ ಹಾದುಹೋಗಿದ್ದೇನೆ, ಇಳಿದಿರಲಿಲ್ಲ.” ಊರಿನಲ್ಲಿರುವವಳಿಗೂ ಊರು ಕಂಡಿರಲಿಲ್ಲ. ಇದು ಬನ್ನೂರಿನ ಕತೆ ಮಾತ್ರವಲ್ಲವೆಂದು ಆಗ ತಿಳಿಯಿತು.

ಆಕ್ಷೇಪಣೆಗಳು ನನಗೆ ಗೊತ್ತಿಲ್ಲದೆ ಇಲ್ಲ. “ನಿಮಗೆ ಪಿಂಚಣಿ ಬರುತ್ತದೆ, ಹಸು ಕಟ್ಟಿದವನು ಹಾಲು ಕರೆಯುವುದನ್ನು ಬಿಟ್ಟು ಎಲ್ಲಿಗೆ ಹೋದಾನು?” ಎಂದು ಕೇಳಬಹುದು. ನ್ಯಾಯವಾದ ಮಾತು. ನಮ್ಮ ಹಸುವನ್ನೂ ಒಂದು ವಾರ ನೋಡಿಕೊಂಡವರು ಪಕ್ಕದ ಮನೆಯ ತಾಯಿಯೇ. ನಾವು ಹಿಂತಿರುಗಿದ ಮೇಲೆ ಅವರು ತಮ್ಮ ಯಜಮಾನರೊಡನೆ ಮೂರು ದಿನ ಎಲ್ಲಿಗಾದರೂ ಹೋಗಿಬರಲಿ, ಅವರ ಎರಡು ಎಮ್ಮೆಗಳು ನಮ್ಮ ಪಾಲಿಗಿರಲಿ ಎಂದು ನನ್ನ ಮನೆಯಾಕೆ ಕರಾರು ಮಾಡಿದಳು. ಮುಯ್ಯಾಳಿನ ಪದ್ಧತಿಯಲ್ಲಿ ನಾಟಿ ಮಾಡಿದ ಸೀಮೆ ನಮ್ಮದು; ವಿರಾಮಕ್ಕೂ ಮುಯ್ಯಾಳನ್ನು ಕೊಡುವುದು ಅಸಾಧ್ಯವಲ್ಲ. “ಸಾಲ ಮಾಡಿ ಸುತ್ತಬೇಕೆ?” ಎಂದರೆ, ಬೇಡ. ಒಂದು ವಾರ ಆಗದಿದ್ದರೆ ಒಂದು ಹಗಲು ಸಾಕು. ಬೆಂಗಳೂರು ಆಗದಿದ್ದರೆ ಮೈಸೂರು. ನನ್ನ ವಾದ ದೂರದ್ದಲ್ಲ. ಕಾರಣವಿಲ್ಲದೆ ಜೊತೆಯಲ್ಲಿ ಕಳೆಯುವ ಹೊತ್ತಿನದು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಕನ್ನಡದಲ್ಲಿ ಪ್ರವಾಸಸಾಹಿತ್ಯ ಸಮೃದ್ಧವಾಗಿದೆ. ವಿ. ಸೀತಾರಾಮಯ್ಯನವರ ‘ಪಂಪಾ ಯಾತ್ರೆ’, ಕಾರಂತರ ‘ಅಬೂವಿನಿಂದ ಬರಾಮಕ್ಕೆ’, ಗೋಕಾಕರ ‘ಸಮುದ್ರದಾಚೆಯಿಂದ’ ಇವುಗಳನ್ನು ಓದಿ ಬೆಳೆದ ತಲೆಮಾರು ನಮ್ಮದು. ಆದರೆ ಆ ಪರಂಪರೆ ಬಹುಮಟ್ಟಿಗೆ ಗಂಡಸು ಹೋಗಿ, ನೋಡಿ, ಬಂದು ಬರೆದದ್ದು. ಈಚೆಗೆ ನೇಮಿಚಂದ್ರರಂಥವರು ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ನಡೆದುಹೋಗಿ ಹೆಣ್ಣಿನ ಕಣ್ಣಿನಿಂದ ಲೋಕವನ್ನು ಕಾಣಿಸಿದ್ದಾರೆ. ದಾಂಪತ್ಯದ ಸವಿಯನ್ನು ಕೆ. ಎಸ್. ನರಸಿಂಹಸ್ವಾಮಿಯವರು 1942ರಲ್ಲಿಯೇ ‘ಮೈಸೂರು ಮಲ್ಲಿಗೆ’ಯಲ್ಲಿ ಹಾಡಿ ಮನೆಮನೆಗೂ ಮುಟ್ಟಿಸಿದರು. ಇವೆರಡೂ ಕೂಡಿದ ಪುಸ್ತಕ, ಗಂಡಹೆಂಡಿರು ಒಂದೇ ಬೆಂಚಿನ ಮೇಲೆ ಕೂತು ಒಂದೇ ಬೀದಿಯನ್ನು ಎರಡು ಬಗೆಯಾಗಿ ಕಂಡ ಪುಸ್ತಕ, ಇನ್ನೂ ಹೆಚ್ಚಾಗಿ ಬರಬೇಕಾಗಿದೆ. ಬರೆಯುವುದಕ್ಕೆ ಮೊದಲು ಕೂರಬೇಕು.

ಊರಿಗೆ ಹಿಂತಿರುಗಿದ ಮೇಲೆ ಕಟ್ಟೆಯವರು, “ಏನೇನು ನೋಡಿದಿರಿ?” ಎಂದು ಕೇಳಿದರು. ಪಟ್ಟಿಯಲ್ಲಿದ್ದ ಇಪ್ಪತ್ತೆಂಟು ಸ್ಥಳಗಳಲ್ಲಿ ಆರನ್ನು ನೋಡಿದ್ದೆವು. ವಿಧಾನಸೌಧವನ್ನು ರಸ್ತೆಯ ಈಚೆಗೆ ನಿಂತು ಕಂಡೆವು, ವಸ್ತುಸಂಗ್ರಹಾಲಯ ಉಳಿಯಿತು, ಆತಕೂರಿನ ಕಾಳಿ ಇನ್ನೂ ನಮಗಾಗಿ ಕಾದಿದ್ದಾಳೆ. ಹಳೆಯ ನಾನಾಗಿದ್ದರೆ ಆರು ಅಂಕವೆಂದು ನಪಾಸು ಮಾಡುತ್ತಿದ್ದೆ.

ಕೊನೆಗೆ ಒಂದು ಸಂಗತಿ. ಹಿಂತಿರುಗಿ ಹದಿನೈದು ದಿನ ಕಳೆದಿರಬಹುದು, ಒಂದು ಬೆಳಿಗ್ಗೆ ಆಕೆ, “ಸೋಮನಾಥಪುರಕ್ಕೆ ಹೋಗಿಬರೋಣವೇ?” ಎಂದಳು. ನಮ್ಮೂರಿನಿಂದ ಏಳೆಂಟು ಕಿಲೋಮೀಟರು. ಹೊಯ್ಸಳರ ಆ ಕೇಶವ ದೇವಾಲಯ 2023ರ ಸೆಪ್ಟೆಂಬರಿನಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿ,ದೇಶವಿದೇಶಗಳ ಪತ್ರಿಕೆಗಳಲ್ಲಿ ಅದರ ಚಿತ್ರ ಬಂದಿತ್ತು. ಮಕ್ಕಳನ್ನು ಕರೆದುಕೊಂಡು ನಾನು ಅಲ್ಲಿಗೆ ಇಪ್ಪತ್ತು ಸಲವಾದರೂ ಹೋಗಿದ್ದೇನೆ. ಆಕೆಯೊಡನೆ ಹೋದದ್ದು ಮದುವೆಯಾದ ಹೊಸತರಲ್ಲಿ ಒಮ್ಮೆ. ಅಂದೂ ನೆಂಟರಿಗೆ ತೋರಿಸುವುದಕ್ಕೆಂದು. ಈ ಸಲ ಇಬ್ಬರೇ ಹೋದೆವು. ಆಕೆ ಪ್ರಾಕಾರದ ಕೈಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಳು. ನಾನು ಶಿಲ್ಪಗಳ ವಿವರಣೆಯನ್ನು ಆರಂಭಿಸಲು ಬಾಯಿ ತೆರೆದೆ. ಮತ್ತೆ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ. ಬಿಸಿಲು ಏರಿದಂತೆ ಗೋಡೆಯ ಮೇಲಿನ ಆನೆಗಳ ಸಾಲು ಒಂದೊಂದಾಗಿ ನೆರಳಿನಿಂದ ಹೊರಕ್ಕೆ ಬಂದಿತು.

ಬಸ್ ನಿಲ್ದಾಣದಲ್ಲಿ ಯಾರೋ ಕೇಳಿದರು: “ಏನು ಮೇಷ್ಟ್ರೆ, ಇಬ್ಬರೂ ಬಂದಿದ್ದೀರಿ, ಏನು ಕೆಲಸ?” ನಾನು ಉತ್ತರಕ್ಕಾಗಿ ತಡಕುತ್ತಿದ್ದಂತೆ ಆಕೆಯೇ ಹೇಳಿದಳು: “ಏನೂ ಇಲ್ಲಪ್ಪ. ಅದಕ್ಕೇ ಬಂದೆವು.”